ಇನಿಷಿಯಲ್ ಬಿಡಿಸುವ ಹೊತ್ತು

ಹಳೇ ಮೈಸೂರು ಕಡೆ ಹೆಸರಿನ ಮುಂದೆ ಎರಡು ಇನಿಷಿಯಲ್ ಇದ್ದರೆ, ಸಾಮಾನ್ಯವಾಗಿ ಮೊದಲನೆಯದು ಊರು, ಎರಡನೆಯದು ಅಪ್ಪ. ಎಸ್.ಎಂ. ಕೃಷ್ಣ ಅಂದರೆ ಸೋಮನಹಳ್ಳಿ ಮಲ್ಲಯ್ಯ ಕೃಷ್ಣ. ಧಾರವಾಡ, ಗದಗದ ಕಡೆ ಹೋದರೆ ಎಲ್ಲ ಉಲ್ಟಾ: ಮೊದಲು ತನ್ನ ಹೆಸರು, ಆಮೇಲೆ ಅಪ್ಪ, ಕೊನೆಗೆ ಮನೆತನ. ಆ ಮನೆತನದ ಹೆಸರುಗಳೋ, ಮೆಣಸಿನಕಾಯಿ, ಉಳ್ಳಾಗಡ್ಡಿ, ಒಂದು ಅಡುಗೆಗೆ ಸಾಕು!

ಪಾಸ್‌ಪೋರ್ಟ್ ಅರ್ಜಿ ತುಂಬುವಾಗ ತೊಡಕು ಶುರು. ಅಲ್ಲಿ ಇನಿಷಿಯಲ್ ನಡೆಯಲ್ಲ, ಪೂರ್ತಿ ಬಿಡಿಸಬೇಕು. ಸರ್‌ನೇಮ್ ಖಾಲಿ ಬಿಟ್ಟು ಒಂದೇ ಹೆಸರು ಕೊಟ್ಟರೆ ಪಾಸ್‌ಪೋರ್ಟೇನೋ ಬರುತ್ತೆ. ಆದರೆ ಅಮೆರಿಕದ ವೀಸಾದಲ್ಲಿ ಆ ಹೆಸರು ಸರ್‌ನೇಮ್ ಜಾಗಕ್ಕೆ ಜಿಗಿದು, ಸ್ವಂತ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಕೂರುತ್ತೆ, ಅಂದರೆ ಹೆಸರು ಗೊತ್ತಿಲ್ಲ ಅಂತ. ಅಲ್ಲಿಂದ ಬ್ಯಾಂಕು, ಲೈಸೆನ್ಸು, ಎಲ್ಲ ಕಡೆ ಅದೇ. ಯುಎಇ ಕೂಡ 2022ರ ನವೆಂಬರ್‌ನಿಂದ ಒಂಟಿ ಹೆಸರಿನ ಪ್ರವಾಸಿಗರಿಗೆ ತಕರಾರು ತೆಗೆದಿತ್ತು.

ಇದನ್ನು ಸರಿಮಾಡೋ ಜಾಗ ಜನನ ಪ್ರಮಾಣಪತ್ರ. ನಾಮಕರಣಕ್ಕೆ ಮೊದಲೇ ಜನನ ನೋಂದಣಿ ಆಗಿರುತ್ತೆ, ಹೆಸರಿನ ಕಾಲಂ ಖಾಲಿ. ಒಂದು ವರ್ಷದೊಳಗೆ ಸೇರಿಸಿದರೆ ಶುಲ್ಕವಿಲ್ಲ, ಆಮೇಲೆ 15 ವರ್ಷದವರೆಗೆ ತಡಶುಲ್ಕ ಕಟ್ಟಿ ಸೇರಿಸಬಹುದು. ಆಗಲೇ ಇನಿಷಿಯಲ್ ಬಿಡಿಸಿ ಬರೆಸಿ. ಇಂಗ್ಲಿಷ್ ಕಾಗುಣಿತ ಅಪ್ಪ-ಅಮ್ಮನ ಆಧಾರ್‌ನಲ್ಲಿರುವಂತೆಯೇ ಇರಲಿ. ಲಕ್ಷ್ಮಿಗೆ ಒಂದು ಕಡೆ 'ಐ', ಇನ್ನೊಂದು ಕಡೆ ಎರಡು 'ಇ' ಬಿದ್ದರೆ ಅಫಿಡವಿಟ್ಟಿಗೆ ಓಡಾಟ ಗ್ಯಾರಂಟಿ.