ಮಂಡಿಗೆ ಸಿಕ್ಕಿಸಿದ ಐದು ರೂಪಾಯಿ

ಕಳೆದ ತಿಂಗಳು ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ಸಾಲು ಬಂತು: ‘ರಿಸಾಲ್ದಾರ್ ಸಾಬ್ ಹೋಗಿಬಿಟ್ರಂತೆ.’ ನಮಗೆ ಕುದುರೆ ಸವಾರಿ ಕಲಿಸಿದವರು; ರಿಸಾಲ್ದಾರ್ ಅನ್ನುವುದು ಸೈನ್ಯದ ಕುದುರೆ ದಳದ ಒಂದು ಹುದ್ದೆ. ಐದು ವರ್ಷ ಪಶುವೈದ್ಯಕೀಯ ಓದಿದ್ದರಲ್ಲಿ ಈಗ ನೆನಪಿರುವ ಪಾಠ ಕಮ್ಮಿ. ಬೆಳಗಿನ ಐದೂವರೆಗೆ ಎನ್‌ಸಿಸಿ ಲಾಯದ ಮುಂದೆ ಕೈ ಕಟ್ಟಿ ನಿಂತಿರುತ್ತಿದ್ದ ಆ ಕುಳ್ಳ ಮನುಷ್ಯ ಮಾತ್ರ ಇನ್ನೂ ಕಣ್ಣ ಮುಂದೆಯೇ ಇದ್ದಾರೆ.

ಅವರು ಭಾರತೀಯ ಸೇನೆಯ ಕುದುರೆ ದಳ 61 ಕ್ಯಾವಲ್ರಿಯವರು. 1918ರಲ್ಲಿ ಈಗಿನ ಇಸ್ರೇಲಿನ ಹೈಫಾದಲ್ಲಿ ಕಾದಾಡಿದ ನಮ್ಮ ಮಹಾರಾಜರ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ 1953ರಲ್ಲಿ ಸೇರಿಹೋಗಿದ್ದು ಇದೇ ರೆಜಿಮೆಂಟಿಗೆ. ವಾರಕ್ಕೊಮ್ಮೆಯಾದರೂ ಆ ಕಥೆ ಬರುತ್ತಿತ್ತು. ‘ಒಂದು ಕೈಲಿ ಭರ್ಜಿ ಇದ್ರೆ ಕುದುರೆ ನಡ್ಸೋದು ಹೇಗೆ? ಸೊಂಟದಲ್ಲಪ್ಪಾ!’

ಮೊದಮೊದಲು ಟ್ರಾಟ್‌ನಲ್ಲಿ, ಅಂದರೆ ಕುದುರೆಯ ಕುಕ್ಕೋಟದಲ್ಲಿ, ನಾವು ಬಾಣಲೆಯ ಜೋಳದ ಹಾಗೆ ಎಗರುತ್ತಿದ್ದೆವು. ಕುದುರೆಯ ಬೆನ್ನು ಮೇಲೆ ಬಂದಾಗ ನಾವು ಕೆಳಗೆ. ಟ್ರಾಟ್‌ಗೆ ಎರಡೇ ತಾಳ. ಮುಂದಿನ ಬಲಗಾಲು, ಹಿಂದಿನ ಎಡಗಾಲು ಒಟ್ಟಿಗೆ. ಆಮೇಲೆ ಇನ್ನೊಂದು ಜೋಡಿ. ಸುತ್ತು ಹಾಕುವಾಗ ಹೊರಗಡೆಯ ಮುಂಗಾಲು ಮುಂದೆ ಹೋದರೆ ಏಳಬೇಕು, ಹಿಂದೆ ಬಂದರೆ ಕೂರಬೇಕು. ಬಗ್ಗಿ ನೋಡುವ ಹಾಗಿಲ್ಲ. ಮಂಡಿಗೂ ಜೀನಿಗೂ ನಡುವೆ ಐದು ರೂಪಾಯಿ ನೋಟು ಸಿಕ್ಕಿಸುತ್ತಿದ್ದರು. ಹತ್ತು ಸುತ್ತು ಬೀಳದಿದ್ದರೆ ನಮಗೆ. ಬಿದ್ದರೆ ನಮ್ಮ ದುಡ್ಡಲ್ಲಿ ಕುದುರೆಗಳಿಗೆ ಬೆಲ್ಲ. ನನ್ನ ಕಾಫಿ ಕಾಸೆಲ್ಲ ಬೆಲ್ಲವಾಯಿತು.

ಒಂದು ಭಾನುವಾರ ಅವರಿಲ್ಲದ ಹೊತ್ತು ನೋಡಿ, ಯಾರನ್ನೂ ಕೇಳದೆ ನಮ್ಮ ಲಾಯದ ಹೆಣ್ಣು ಕುದುರೆ ರಾಣಿಯನ್ನು ಹತ್ತಿ ಹುಡುಗಿಯರ ಹಾಸ್ಟೆಲ್ ಮುಂದೆ ಹೊರಟೆ. ಕಿಟಕಿಯಲ್ಲಿ ಯಾರಾದರೂ ಇದ್ದಾರಾ ಅಂತ ಸುಮ್ನೆ ಕತ್ತು ತಿರುಗಿಸಿದೆ, ಅಷ್ಟೇ. ಲಗಾಮು ಮುಟ್ಟಿರಲಿಲ್ಲ. ಆದರೆ ಕತ್ತಿನ ಹಿಂದೆ ಭುಜ, ಭುಜದ ಹಿಂದೆ ಸೊಂಟ ತಿರುಗುತ್ತದಲ್ವಾ? ನೊಣ ಕೂತರೆ ಚರ್ಮ ಅದುರಿಸುವ ಪ್ರಾಣಿಗೆ ಅಷ್ಟು ಸಾಕು. ರಾಣಿ ಗಕ್ಕನೆ ಹಾಸ್ಟೆಲ್ ಕಡೆ ತಿರುಗಿದಳು. ನಾನು ನೇರ ಚರಂಡಿಗೆ ಹೋದೆ. ಕಿಟಕಿಗಳೆಲ್ಲ ತೆರೆದದ್ದು ಆಮೇಲೆ.

ಮರುದಿನ ರಿಸಾಲ್ದಾರ್ ಸಾಬ್ ಏನೂ ಕೇಳಲಿಲ್ಲ. ನನ್ನ ಜೀನಿನಿಂದ ಕಾಲಿಡುವ ಎರಡೂ ರಿಕಾಬು ಬಿಚ್ಚಿ ಒಂದು ತಿಂಗಳು ಗೂಟಕ್ಕೆ ನೇತುಹಾಕಿದರು. ‘ಅವಳ ತಪ್ಪಿಲ್ಲ. ನೀನು ಹೇಳ್ದೆ, ಅವಳು ಮಾಡಿದ್ಲು.’

ಇವತ್ತು ಕುದುರೆ ಡಾಕ್ಟರುಗಳಲ್ಲಿ ನನ್ನ ಹೆಸರೂ ನಾಲ್ಕು ಜನಕ್ಕೆ ಗೊತ್ತು. ಟ್ರಾಟ್‌ನಲ್ಲಿ ನಾಲ್ಕು ಹೆಜ್ಜೆ ನೋಡಿ ಯಾವ ಕಾಲು ನೋವು ಅಂತ ಹೇಳಿಬಿಡುತ್ತಾನೆ ಅನ್ನುತ್ತಾರೆ, ನಾನಾಗಿ ಹೇಳಿಕೊಳ್ಳುವುದಿಲ್ಲ. ನನ್ನ ಹತ್ತಿರ ಕಲಿಯಲು ಬರುವ ಮಕ್ಕಳು ಅದನ್ನೇ ಮೊಬೈಲಿನಲ್ಲಿ ನಿಧಾನ ಮಾಡಿ ನೋಡುತ್ತಾರೆ. ಜಾಣರೇ. ಆದರೆ ಕುದುರೆ ಹತ್ತಿದವರು ಒಬ್ಬರೂ ಇಲ್ಲ. ಪರೀಕ್ಷೆಗೆ ಬರಲ್ಲ ಸರ್, ಅನ್ನುತ್ತಾರೆ.

ಕಾಲೇಜಿನ ಕೊನೆಯ ವರ್ಷ ಒಂದು ಬೆಳಿಗ್ಗೆ ಹತ್ತು ಸುತ್ತಾದರೂ ನೋಟು ಬೀಳಲಿಲ್ಲ. ಬೆವರಿಗೆ ಒದ್ದೆಯಾಗಿ ಅಂಟಿಕೊಂಡಿತ್ತು. ಬೀಗುತ್ತಾ ಅವರ ಮುಂದೆ ರಾಣಿಯನ್ನು ನಿಲ್ಲಿಸಿದೆ. ಅವರು ಅದನ್ನು ಬಿಡಿಸಿ ನನ್ನ ಜೇಬಿಗೆ ತುರುಕಿದರು. ಆಮೇಲೆ ತಮ್ಮ ಜೇಬಿನಿಂದ ಇನ್ನೆರಡು ನೋಟು ತೆಗೆದರು.

‘ನಾಳೆಯಿಂದ ಎರಡೂ ಮಂಡಿಗೆ.’