5 ಮಿ.ಮೀ. ಜಿರ್ಕೋನಿಯಂನಲ್ಲಿ ಹೈಡ್ರೋಜನ್ ಎಷ್ಟಿದೆ?

ಜಿರ್ಕೋನಿಯಂ ಮಿಶ್ರಲೋಹದೊಳಗೆ ಸೇರಿದ ಹೈಡ್ರೋಜನ್ ಹೈಡ್ರೈಡ್ ಆಗಿ ಕೂತು ಲೋಹವನ್ನು ಪೆಡಸು ಮಾಡುತ್ತದೆ. ಎಕ್ಸ್-ರೇಗೆ ಅದು ಕಾಣುವುದಿಲ್ಲ. ನ್ಯೂಟ್ರಾನ್ ಕಿರಣದಲ್ಲಿ ಎದ್ದು ಕಾಣುತ್ತದೆ: ನ್ಯೂಟ್ರಾನ್ ಚದುರಿಸುವ ಕ್ರಾಸ್ ಸೆಕ್ಷನ್ (ಪರಮಾಣು ನ್ಯೂಟ್ರಾನ್‌ಗೆ ಎಷ್ಟು ದೊಡ್ಡ ಗುರಿಯೋ ಅದರ ಅಳತೆ; ಏಕಮಾನ ಬಾರ್ನ್) ಜಿರ್ಕೋನಿಯಂಗೆ ಸುಮಾರು 6.5 ಬಾರ್ನ್, ಹೈಡ್ರೋಜನ್‌ಗೆ 82.

ಆದರೂ ಲೆಕ್ಕ ಹಾಕಿ ನೋಡಿ. 5 ಮಿ.ಮೀ. ದಪ್ಪದ ತುಂಡಿನಲ್ಲಿ ತೂಕದ ಲೆಕ್ಕಕ್ಕೆ 100 ಪಿಪಿಎಂ (ಹತ್ತು ಲಕ್ಷದಲ್ಲಿ 100 ಪಾಲು) ಹೈಡ್ರೋಜನ್ ಇದ್ದರೆ ಹಾದುಬರುವ ಕಿರಣ ಕುಗ್ಗುವುದು ಬರೀ 1.6%. ತುಂಡು 0.1 ಮಿ.ಮೀ. ಹೆಚ್ಚು ದಪ್ಪಗಿದ್ದರೆ ಸಾಕು, ಇಲ್ಲದ 17 ಪಿಪಿಎಂ ಕಾಣಿಸಿಕೊಳ್ಳುತ್ತದೆ. ಮೇಲ್ಮೈಯಲ್ಲಿ 10 ಮೈಕ್ರಾನ್ ನೀರಿನ ಪಸೆಯಿದ್ದರೆ 34! ಹಾಗಾಗಿ ಅರ್ಧ ಕೆಲಸ ಮುಗಿಯುವುದು ಬೀಮ್‌ಗೆ ಇಡುವ ಮೊದಲೇ. ಎರಡೂ ಮುಖ ಸಮಾನಾಂತರವಾಗಿ ಉಜ್ಜಿ, ಮೈಕ್ರೋಮೀಟರ್‌ನಲ್ಲಿ ಹಲವು ಕಡೆ ಅಳೆದು ಬರೆದುಕೊಳ್ಳಿ. ಅಸಿಟೋನ್‌ನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಟೇಪ್, ಅಂಟು, ಪ್ಲಾಸ್ಟಿಕ್ ಎಲ್ಲದರಲ್ಲೂ ಹೈಡ್ರೋಜನ್ ತುಂಬಿರುತ್ತದೆ. ಹಿಡಿಯಲು ಅಲ್ಯೂಮಿನಿಯಂ ಕ್ಲ್ಯಾಂಪ್ ಬಳಸಿ.

ಸ್ಯಾಂಪಲ್ ಇಟ್ಟು, ಸ್ಯಾಂಪಲ್ ಇಲ್ಲದೆ, ಬೀಮ್ ಮುಚ್ಚಿ: ಮೂರು ಬಗೆಯ ಚಿತ್ರ ಬೇಕು. ಗಾಮಾ ಕಿರಣ ಕ್ಯಾಮೆರಾಕ್ಕೆ ಬಡಿದು ಬಿಳಿ ಚುಕ್ಕೆ ಬೀಳುತ್ತದೆ; ಪ್ರತಿಯೊಂದನ್ನೂ ಐದಾರು ಸಲ ತೆಗೆದು ಮೀಡಿಯನ್ (ನಡುವಿನ ಬೆಲೆ) ತೆಗೆದುಕೊಂಡರೆ ಅವು ಹೋಗುತ್ತವೆ. ಸರಾಸರಿ ತೆಗೆಯುವ ಜಾಗದಲ್ಲಿ 10 ಲಕ್ಷ ನ್ಯೂಟ್ರಾನ್ ಎಣಿಕೆಯಾದರೆ ಏರುಪೇರು 0.1%, ಅಂದರೆ ಸುಮಾರು 6 ಪಿಪಿಎಂ. ಒಂದೊಂದು ಪಿಕ್ಸೆಲ್‌ನ ಅಂಕಿಯನ್ನು ನಂಬಬೇಡಿ.

ಹೈಡ್ರೋಜನ್ ನ್ಯೂಟ್ರಾನನ್ನು ನುಂಗುವುದಕ್ಕಿಂತ ಹೆಚ್ಚಾಗಿ ಚದುರಿಸುತ್ತದೆ. ಚದುರಿದ್ದರಲ್ಲಿ ಒಂದು ಪಾಲು, ನ್ಯೂಟ್ರಾನ್ ಬಿದ್ದರೆ ಬೆಳಗುವ ಪರದೆಯಾದ ಸಿಂಟಿಲೇಟರ್ ಮೇಲೇ ಬೀಳುವುದರಿಂದ ಹೈಡ್ರೋಜನ್ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಸ್ಯಾಂಪಲನ್ನು ಪರದೆಯಿಂದ 2 ಸೆಂ.ಮೀ. ಹಿಂದಿಡಿ. ಎಲ್/ಡಿ (ಕಿರಣ ಹೊರಬರುವ ಕಿಂಡಿಯಿಂದ ಇರುವ ದೂರಕ್ಕೂ ಕಿಂಡಿಯ ಅಗಲಕ್ಕೂ ಇರುವ ಅನುಪಾತ) 200 ಇದ್ದರೆ ಅಂಚು 0.1 ಮಿ.ಮೀ. ಮಸುಕಾಗುತ್ತದೆ, ಆಗಲಿ. ಅಳತೆ ಸರಿಯಿರುವುದು ಮುಖ್ಯ.

82 ಬಾರ್ನ್ ಎಂದು ಪುಸ್ತಕದಿಂದ ಎತ್ತಿ ಸೂತ್ರಕ್ಕೆ ಹಾಕಬೇಡಿ. ನ್ಯೂಟ್ರಾನ್ ಶಕ್ತಿಗೆ ತಕ್ಕಂತೆ ಅದು ಬದಲಾಗುತ್ತದೆ. ಥರ್ಮಲ್ (ಕೋಣೆಯ ಉಷ್ಣತೆಗೆ ತಕ್ಕ ಶಕ್ತಿಯ ನ್ಯೂಟ್ರಾನ್‌ಗಳ) ಬೀಮ್‌ನಲ್ಲಿ ಇನ್ನೂ ಕಡಿಮೆ. ಬದಲಿಗೆ ಹೈಡ್ರೋಜನ್ ಎಷ್ಟೆಂದು ಗೊತ್ತಿರುವ ತುಂಡುಗಳನ್ನು ಅಳೆದು ಕ್ಯಾಲಿಬ್ರೇಶನ್ ಗೆರೆ ಎಳೆಯಿರಿ. ಅದಕ್ಕಾಗಿ ಅದೇ ತಗಡಿನಿಂದ ನಾಲ್ಕೈದು ತುಂಡು ಕತ್ತರಿಸಿ. ಒಂದನ್ನು ನಿರ್ವಾತದಲ್ಲಿ ಕಾಯಿಸಿ ಹೈಡ್ರೋಜನ್ ತೆಗೆಯಿರಿ, ಉಳಿದವಕ್ಕೆ ಬೇರೆ ಬೇರೆ ಪ್ರಮಾಣದಲ್ಲಿ ಹೈಡ್ರೋಜನ್ ಅನಿಲ ಉಣಿಸಿ, 400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟು ಸಮವಾಗಿ ಹರಡಲು ಬಿಡಿ. 10 ಗ್ರಾಂ ತುಂಡಿಗೆ 100 ಪಿಪಿಎಂ ಎಂದರೆ 1 ಮಿಲಿಗ್ರಾಂ ಮಾತ್ರ. ತಕ್ಕ ತಕ್ಕಡಿ ಬೇಕು. ಒಂದು ತುದಿ ಕತ್ತರಿಸಿ ಕರಗಿಸಿ, ಹೊರಬರುವ ಅನಿಲ ಅಳೆದು ತಾಳೆ ನೋಡಿ.

ಕೈಗಾದಂಥ ಭಾರಜಲ ಅಣು ಸ್ಥಾವರಗಳ ಪ್ರೆಶರ್ ಟ್ಯೂಬ್ (ಇಂಧನವಿಡುವ ಜಿರ್ಕೋನಿಯಂ ಮಿಶ್ರಲೋಹದ ಕೊಳವೆ) ಬಳಕೆಯಲ್ಲಿ ಹೀರಿಕೊಳ್ಳುವುದು ಹೆಚ್ಚಾಗಿ ಭಾರ ಹೈಡ್ರೋಜನ್ ಆದ ಡ್ಯುಟೀರಿಯಂ. ಅದರ ಕ್ರಾಸ್ ಸೆಕ್ಷನ್ 7.6 ಬಾರ್ನ್, ತೂಕವೂ ಎರಡರಷ್ಟು. ಅಷ್ಟೇ ಪಿಪಿಎಂಗೆ ಸಿಗುವ ಸಿಗ್ನಲ್ ಇಪ್ಪತ್ತರಲ್ಲೊಂದು ಪಾಲು. ಹೈಡ್ರೋಜನ್‌ಗೆ ಎಳೆದ ಕ್ಯಾಲಿಬ್ರೇಶನ್ ಗೆರೆ ಅಲ್ಲಿ ನಡೆಯದು.