ಎಲ್ಲಿ ಟಿಕ್ ಹಾಕ್ಲಿ?

ನಮ್ಮ ಎಂಬಿಎ ಹುಡುಗಿಯೊಬ್ಬಳು ಇವತ್ತು ಸರ್ವೆ ಫಾರಂ ಹಿಡಿದು ದಿನಸಿ ಅಂಗಡಿಗೆ ಹೋಗಿದ್ದಳು.

ಅದರಲ್ಲಿದ್ದ ಒಂದು ಸಾಲು: "ಯುಪಿಐನಿಂದ ನನ್ನ ವ್ಯಾಪಾರ ಸುಲಭವಾಗಿದೆ, ಲಾಭವೂ ಹೆಚ್ಚಾಗಿದೆ." ಮುಂದೆ ಐದು ಚೌಕ. ಪೂರ್ತಿ ಒಪ್ಪುತ್ತೇನೆ, ಒಪ್ಪುತ್ತೇನೆ, ನಡುವೆ ಎರಡೂ ಅಲ್ಲ... ಕೊನೆಗೆ ಪೂರ್ತಿ ಒಪ್ಪುವುದಿಲ್ಲ, ಗೊತ್ತಲ್ಲ.

ಅಂಗಡಿಯವರು ಪೆನ್ನು ಹಿಡಿದು ಕೇಳಿದರಂತೆ, "ಸುಲಭ ಆಗಿರೋದು ನಿಜ ಕಣಮ್ಮ, ಚಿಲ್ಲರೆ ತಾಪತ್ರಯ ಇಲ್ಲ. ಲಾಭ ಎಲ್ಲಿ ಜಾಸ್ತಿ ಆಯ್ತು? ಈಗ ಎಲ್ಲಿ ಟಿಕ್ ಹಾಕ್ಲಿ?"

ಇವಳು, "ನಡುವಿನದಕ್ಕೆ ಹಾಕಿಬಿಡಿ ಅಂಕಲ್" ಅಂದಳಂತೆ!

ನಗು ಬಂತು. ಆದರೆ ನಮ್ಮ ಪ್ರಾಜೆಕ್ಟ್ ರಿಪೋರ್ಟ್‌ಗಳಲ್ಲಿ ಇಂಥ ನಡುವಿನ ಟಿಕ್‌ಗಳು ಎಷ್ಟಿವೆಯೋ. ಈ ಐದು ಚೌಕದ ಅಳತೆ ಅಮೆರಿಕದ ಮನಶ್ಶಾಸ್ತ್ರಜ್ಞ ರೆನ್ಸಿಸ್ ಲೈಕರ್ಟ್ 1932ರಲ್ಲಿ ಕೊಟ್ಟಿದ್ದು. ಇದರಲ್ಲಿ ಒಂದು ಸಾಲಿಗೆ ಒಂದೇ ವಿಷಯ ಇರಬೇಕು.

ನಾವು ಮಾತ್ರ ಉತ್ತರಗಳಿಂದ ಲೆಕ್ಕ ಹಾಕುವ ಕ್ರೋನ್‌ಬಾಕ್ ಆಲ್ಫಾ ಅನ್ನೋ ಅಂಕಿ 0.7 ದಾಟಿತಾ ಅಂತ ನೋಡುತ್ತೇವೆ. ಪ್ರಶ್ನೆಗಳು ಒಂದಕ್ಕೊಂದು ಹೊಂದುತ್ತವಾ ಅಂತ ಅದು ಹೇಳುತ್ತದೆ, ಅಷ್ಟೇ. ಒಂದೇ ಪ್ರಶ್ನೆಯೊಳಗೆ ಎರಡು ಸೇರಿಕೊಂಡಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ಅದನ್ನು ಹಿಡಿಯೋಕೆ ಪೈಲಟ್ ಸರ್ವೆ, ಅಂದರೆ ಮೊದಲೊಂದು ಸಣ್ಣ ಪರೀಕ್ಷೆ ಬೇಕು. ನಾಲ್ಕಾರು ಜನರ ಮುಂದೆ ಫಾರಂ ಇಟ್ಟು, ಅವರು ಎಲ್ಲಿ ತಡವರಿಸುತ್ತಾರೆ ಅಂತ ಸುಮ್ನೆ ಕೂತು ನೋಡಬೇಕು.

ನಮ್ಮಲ್ಲಿ ಅದು ನಡೆಯುವುದು ಹೆಚ್ಚಾಗಿ ರಿಪೋರ್ಟಿನಲ್ಲಿ ಅಧ್ಯಯನ ಹೇಗೆ ಮಾಡಿದೆವು ಅಂತ ಬರೆಯುವ ಅಧ್ಯಾಯದಲ್ಲಿ ಮಾತ್ರ, ಅಲ್ವಾ?